ಪೇಂಟರ್ ಚಾಚಾರ ಕಟ್ಟಿಗೆ ಕಪ್ಪೆಗಳು

ಪೇಂಟರ್ ಚಾಚಾರ ಎಡಗೈಯ ಐದು ಉಗುರುಗಳಿಗೂ ಯಾವಾಗಲೂ ಬೇರೆ ಬೇರೆ ಬಣ್ಣ ಇರುತ್ತಿತ್ತು. ಹೊಸ ಬಣ್ಣ ಕಲಸಿದಾಗಲೆಲ್ಲ ಅವರು ಮೊದಲು ಒಂದು ಉಗುರಿಗೆ ಹಚ್ಚಿ, ಒಣಗುವ ತನಕ ಊದಿ, ಆಮೇಲೆ ಆ ಕೈಯನ್ನು ಪಕ್ಕದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತಲೆ ಓರೆ ಮಾಡಿ ನೋಡುತ್ತಿದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗುತ್ತಿತ್ತು. ಬೇಸಿಗೆಯಿರಲಿ, ಚಳಿಗಾಲವಿರಲಿ, ಆ ಎಡತೋಳು ಪೂರ್ತಿ ಒಣಗಿದ್ದನ್ನು ನಾನು ನೋಡಿದ್ದು ಕಡಿಮೆ.

"ಗಾಳ್ಯಾಗ ಬಣ್ಣ ಬ್ಯಾರೆ ಇರ್ತದ, ನೀರಾಗ ಬ್ಯಾರೆ ಇರ್ತದ," ಅನ್ನುತ್ತಿದ್ದರು. "ಮೀನು ನಮ್ಮ ದುಕಾನಿಗಿ ಬಂದು ಕುಂತು ನೋಡಂಗಿಲ್ಲಲ್ಲ."

ಆ ಉಗುರುಗಳ ಮೇಲೆ ಯಾವ್ಯಾವ ಬಣ್ಣ ಇದ್ದವು ಎಂದು ಕೇಳಿದರೆ ನಾನು ಸರಿಯಾಗಿ ಹೇಳಲಾರೆ. ನನಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಹುಟ್ಟಿದಂದಿನಿಂದ ಹೀಗೆಯೇ. ಇದನ್ನು ಇಷ್ಟು ಸರಳವಾಗಿ ಬರೆಯಲು ನನಗೆ ಬಂದದ್ದೇ ಆ ಮನುಷ್ಯನಿಂದ.

ಹುಮನಾಬಾದಿನ ಪೇಟೆಯಲ್ಲಿ ಒಂದು ಕಾಲಕ್ಕೆ ಅವರು ಬರೆಯದ ಬೋರ್ಡು ಇರಲಿಲ್ಲ. ಕಿರಾಣಿ ಅಂಗಡಿ, ಡಾಕ್ಟರರ ದವಾಖಾನೆ, ಬಟ್ಟೆ ಅಂಗಡಿ, ಲಾರಿಯ ಹಿಂದಿನ ನವಿಲು, ಎಲ್ಲ ಅವರದೇ ಕೈ. ಕನ್ನಡ, ಉರ್ದು, ಮರಾಠಿ ಮೂರನ್ನೂ ಒಂದೇ ಕುಂಚದಿಂದ ಬರೆಯುತ್ತಿದ್ದರು. ಉರ್ದು ಬರೆಯುವಾಗ ಮಾತ್ರ ಏಣಿಯನ್ನು ಬಲಗಡೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಒಂದು ಗಂಟೆಯಲ್ಲಿ ಫೋಟೋ ಸಮೇತ ಬೋರ್ಡು ಸಿಗುವಾಗ ಏಣಿ ಹತ್ತುವವನಿಗಾಗಿ ಯಾರು ಎರಡು ದಿನ ಕಾಯುತ್ತಾರೆ? ಉಳಿದ ಪೇಂಟರುಗಳು ಫ್ಲೆಕ್ಸ್ ಅಂಗಡಿಯವರನ್ನು ಬೈದರು. ಚಾಚಾ ಬೈಯಲಿಲ್ಲ. "ಮಷೀನಿನ ಕೈ ನಡಗಂಗಿಲ್ಲ, ನಂದು ನಡಗತದ," ಎಂದು ಕುಂಚ ತೊಳೆದಿಟ್ಟು, ತಗಡಿನ ಶೆಡ್ಡಿನಲ್ಲಿ ಕಪ್ಪೆ ಕೆತ್ತುತ್ತ ಕೂತರು.

ಕಟ್ಟಿಗೆಯ ಕಪ್ಪೆ. ಹೆಬ್ಬೆರಳಿನಷ್ಟು ದಪ್ಪ, ಹೊಟ್ಟೆಯ ಕೆಳಗೆ ಜೋಡಿ ಗಾಳ, ಹಿಂದೆ ಕಾಲಿನಂತೆ ಆಡುವ ದಾರದ ಗೊಂಡೆ. ಚಾಚಾ ಮೂಲತಃ ಬಸವಕಲ್ಯಾಣದವರು. ಅಲ್ಲಿಯ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಗಾಳ ಹಾಕುತ್ತಲೇ ಬೆಳೆದವರು. ನಮ್ಮ ಕಡೆಯ ಕೆರೆಗಳಲ್ಲಿ ಮರಲ್ ಎಂಬ ಮೀನು ಇದೆ. ಹಾವಿನಂಥ ತಲೆ, ಗಟ್ಟಿ ಮೈ, ಜೊಂಡಿನ ಸಂದಿಯಲ್ಲಿ ಅಲುಗಾಡದೆ ನಿಂತಿರುತ್ತದೆ. ಮೇಲೆ ಕಪ್ಪೆ ಈಜಿದರೆ ಕೆಳಗಿನಿಂದ ಎಗರಿ ನುಂಗುತ್ತದೆ. ಈ ಮೀನಿಗಾಗಿಯೇ ಹೈದರಾಬಾದಿನಿಂದ, ಕಲಬುರಗಿಯಿಂದ ರಜೆಯ ದಿನ ಹುಡುಗರು ಉದ್ದುದ್ದ ಗಾಳದ ರಾಡು ಹಿಡಿದುಕೊಂಡು ಬರುತ್ತಾರೆ. ಅವರ ಪೆಟ್ಟಿಗೆಯಲ್ಲಿ ವಿದೇಶದ ರಬ್ಬರಿನ ಕಪ್ಪೆಗಳೂ ಇರುತ್ತಿದ್ದವು. ಆದರೂ ಚಾಚಾರ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ, "ಇವತ್ತು ಯಾವ ಬಣ್ಣ ಒಯ್ಯಲಿ ಚಾಚಾ?" ಎಂದು ಕೇಳುತ್ತಿದ್ದರು. ಅದಕ್ಕೆ ಅವರು ಒಮ್ಮೆಯೂ ನೇರವಾಗಿ ಉತ್ತರ ಕೊಟ್ಟದ್ದಿಲ್ಲ. "ನೀರು ನೋಡೀರೇನು? ನೀರು ನೋಡಿ ಬಂದು ಕೇಳ್ರಿ," ಅನ್ನುತ್ತಿದ್ದರು. ಮೂವತ್ತು ಕಿಲೋಮೀಟರ್ ದೂರದ ನೀರನ್ನು ನೋಡಿ ಯಾರು ವಾಪಸು ಬರುತ್ತಾರೆ? ಒಂದೊಂದು ಬಗೆಯದು ನಾಲ್ಕು ಒಯ್ಯುತ್ತಿದ್ದರು.

ನಾನು ಆ ಶೆಡ್ಡಿಗೆ ಹೋಗಿ ಕೂತದ್ದು ಮೀನಿನ ಆಸೆಗಲ್ಲ. ನಮ್ಮ ಮನೆಯಲ್ಲಿ ಮೀನು ನಡೆಯುವುದೂ ಇಲ್ಲ. ನಮ್ಮ ಅಪ್ಪನದು ಪೇಟೆಯ ಪಕ್ಕದ ಮಾಣಿಕನಗರದಲ್ಲಿ ಪೂಜಾ ಸಾಮಾನಿನ ಅಂಗಡಿ. ತೆಂಗಿನಕಾಯಿ, ಊದಿನಕಡ್ಡಿ, ಕುಂಕುಮ, ಉಡಿ ತುಂಬಲು ಹಸಿರು ಬಳೆ, ರಂಗೋಲಿ ಪುಡಿ. ಚಿಕ್ಕಂದಿನಿಂದ ನಾನು ಅಂಗಡಿಯಲ್ಲಿ ಕೂಡುತ್ತಿದ್ದೆ. ಯಾವ ಸಾಮಾನು ಯಾವ ಗೂಡಿನಲ್ಲಿದೆ ಎಂಬುದನ್ನು ಜಾಗದ ಮೇಲೆ ನೆನಪಿಟ್ಟುಕೊಂಡಿದ್ದೆ. ಯಾರಾದರೂ ಗೂಡು ಅದಲುಬದಲು ಮಾಡಿದರೆ ಹಸಿರು ಬಳೆ ಕೇಳಿದವರಿಗೆ ಕೆಂಪು ಕೊಡುತ್ತಿದ್ದೆ. ಅಪ್ಪ ತಲೆಯ ಮೇಲೆ ಹೊಡೆಯುತ್ತಿದ್ದ. "ಲಕ್ಷ್ಯ ಎಲ್ಲಿ ಇಟ್ಟೀದಿ?" ಶಾಲೆಯಲ್ಲಿ ಎಲೆಗೆ ಕಂದು ಬಣ್ಣ ಬಳಿದದ್ದಕ್ಕೆ ಮಾಸ್ತರರೂ ಹೊಡೆದಿದ್ದರು. ನಾನು ಲಕ್ಷ್ಯವಿಲ್ಲದ ಹುಡುಗ ಎಂದು ಊರಿಗೆ ಮೊದಲು, ಆಮೇಲೆ ನನಗೂ ಖಾತ್ರಿಯಾಯಿತು. ಬಣ್ಣ ಬಿಟ್ಟು ಉಳಿದದ್ದರಲ್ಲೆಲ್ಲ ನಾನು ಚುರುಕಾಗಿದ್ದೆ ಎಂಬುದನ್ನು ಯಾರೂ ಗಮನಿಸಲಿಲ್ಲ.

ಪದವಿ ಮುಗಿಸಿ ರೈಲ್ವೆ ಪರೀಕ್ಷೆಗೆ ಓದಿದೆ. ನಮ್ಮೂರಿಗೆ ಹೊಸದಾಗಿ ರೈಲು ಬಂದಿದ್ದ ಕಾಲ ಅದು; ರೈಲು ಓಡಿಸುವವರ ಕೆಲಸವೇ ಬೇಕೆಂದು ನನಗೆ ಹಟ. ಲಿಖಿತ ಪರೀಕ್ಷೆ ಪಾಸಾದೆ. ಅಪ್ಪ ಅಂದೇ ಮಾಣಿಕನಗರದ ಅರ್ಧ ಓಣಿಗೆ ಪೇಡೆ ಹಂಚಿದ. ದುಬಲಗುಂಡಿಯಿಂದ ಒಂದು ಸಂಬಂಧ ಬಂತು, ಹುಡುಗಿಯನ್ನು ನೋಡಿದ್ದೂ ಆಯಿತು, ಎರಡೂ ಕಡೆ ಒಪ್ಪಿಗೆಯಾಯಿತು. ಇನ್ನು ಉಳಿದದ್ದು ಒಂದು ವೈದ್ಯಕೀಯ ತಪಾಸಣೆ. ಅದನ್ನು ಯಾರೂ ಪರೀಕ್ಷೆ ಎಂದು ಎಣಿಸಿರಲಿಲ್ಲ.

ದೂರದ ಒಂದು ಶಹರದ ದವಾಖಾನೆಯಲ್ಲಿ ಡಾಕ್ಟರು ನನ್ನ ಮುಂದೆ ಒಂದು ಪುಸ್ತಕ ತೆರೆದರು. ಪುಟದ ತುಂಬ ಬಣ್ಣದ ಚುಕ್ಕೆಗಳು. "ಯಾವ ಅಂಕಿ ಇದೆ?" ಎಂದು ಕೇಳಿದರು. ಮೊದಲ ಪುಟದಲ್ಲಿ ಹನ್ನೆರಡು ಕಂಡಿತು. ಎರಡನೆಯ ಪುಟದಲ್ಲಿ ಬರೀ ಚುಕ್ಕೆ. ಮೂರರಲ್ಲೂ ಚುಕ್ಕೆ. ಅವರು ಸಾವಕಾಶ ಪುಟ ತಿರುವುತ್ತ ಹೋದರು. ಕೊನೆಗೆ ಪುಸ್ತಕ ಮುಚ್ಚಿ, "ನಿನಗೆ ಇದುವರೆಗೂ ಯಾರೂ ಹೇಳಿಲ್ಲವೇನಪ್ಪ?" ಅಂದರು. ಆ ದನಿಯಲ್ಲಿ ಕನಿಕರವಿತ್ತು. ಇಪ್ಪತ್ತಮೂರು ವರ್ಷ ನಾನು ನೋಡಿದ ಜಗತ್ತನ್ನು ಉಳಿದವರು ನೋಡಿರಲೇ ಇಲ್ಲ ಎಂದು ನನಗೆ ಅಂದು ತಿಳಿಯಿತು.

ಊರಿಗೆ ಬಂದೆ. ಅಪ್ಪ ಕೇಳಿದ. "ಲಿಸ್ಟ್ ಬರಬೇಕು," ಅಂದೆ. ಆ ಒಂದು ಮಾತು ಹೇಳಿದ್ದಷ್ಟೇ, ಮರುದಿನದಿಂದ ಆ ಸುಳ್ಳನ್ನು ಕಾಪಾಡುವುದೇ ಒಂದು ಕೆಲಸವಾಯಿತು. ಮನೆಯಲ್ಲಿ ಕೂತರೆ ಕೇಳುತ್ತಾರೆಂದು ಬೆಳಿಗ್ಗೆ ಎದ್ದು ಹೊರಬೀಳುತ್ತಿದ್ದೆ. ಪೇಟೆಯಲ್ಲಿ ತಿರುಗಿ ಸಾಕಾದಾಗ ಚಾಚಾರ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕೂಡುತ್ತಿದ್ದೆ. ಅವರು ಏನನ್ನೂ ಕೇಳುವವರಲ್ಲ, ಅದೊಂದೇ ಕಾರಣ.

ನಾಲ್ಕನೆಯ ದಿನವೋ ಐದನೆಯ ದಿನವೋ ಅವರು ಕೆತ್ತುತ್ತಿದ್ದ ಕಪ್ಪೆಯಿಂದ ಕಣ್ಣು ತೆಗೆಯದೆ, "ತಮ್ಮಾ, ಆ ಹಸರ ಡಬ್ಬಿ ಜರಾ ಕೊಡು," ಅಂದರು. ನಾನು ಒಂದು ಡಬ್ಬಿ ಎತ್ತಿ ಕೊಟ್ಟೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಅದರಲ್ಲೇ ಕುಂಚ ಅದ್ದಿದರು. ಮರುದಿನ ಮತ್ತೆ ಹಸಿರು ಕೇಳಿದರು. ಡಬ್ಬಿಗಳ ಜಾಗ ಬದಲಾಗಿತ್ತು. ನಾನು ಬೇರೊಂದನ್ನು ಕೊಟ್ಟೆ. ಅವರು ಕೆತ್ತುವ ಚಾಕು ಕೆಳಗಿಟ್ಟರು.

"ಬೇಟಾ, ನಿನಗ ಕೆಂಪು ಹಸರ ಒಂದೇ ಕಾಣಸ್ತಾವೇನು?"

ನಾನು ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. "ಹೌದ್ರಿ ಚಾಚಾ," ಅಂದುಬಿಟ್ಟೆ. ಆಮೇಲೆ ದವಾಖಾನೆ, ಚುಕ್ಕೆಯ ಪುಸ್ತಕ, ಲಿಸ್ಟ್ ಬರಬೇಕು ಎಂದು ಹೇಳಿದ ಸುಳ್ಳು, ಎಲ್ಲವೂ ಒಂದರ ಹಿಂದೆ ಒಂದು ಬಂದವು. ಅವರು ಅಯ್ಯೋ ಪಾಪ ಅನ್ನಲಿಲ್ಲ. ಎಲ್ಲ ಕೇಳಿ ಮುಗಿಸಿ, "ಐತವಾರ ಕಲ್ಯಾಣಕ್ಕ ಹೋಗತೀನಿ. ನೀನೂ ಬಾ," ಅಂದರು.

ಆ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆವು. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಊರಿನತ್ತ ಹೊರಳಿದಾಗ ಮೋಡ ಕವಿದಿತ್ತು. ಕೆರೆಯ ದಂಡೆಯಲ್ಲಿ ಒಂದು ಚಪ್ಪಡಿ ಕಲ್ಲಿನ ಮೇಲೆ ಚಾಚಾ ತಮ್ಮ ಕರವಸ್ತ್ರ ಹಾಸಿ ಆರು ಕಪ್ಪೆಗಳನ್ನು ಸಾಲಾಗಿ ಇಟ್ಟರು.

"ಬಣ್ಣದ ಹೆಸರು ಕೇಳಾಕತ್ತಿಲ್ಲ. ಕಣ್ಣ ಅರ್ಧ ಮುಚ್ಚಿ ನೋಡು. ಯಾವುದು ಕತ್ತಲಿ ಅದ, ಯಾವುದು ಬೆಳಕ ಅದ, ಅಷ್ಟ ಹೇಳು."

ನಾನು ಕಣ್ಣು ಕಿರಿದು ಮಾಡಿ ನೋಡಿ, ಕಪ್ಪೆಗಳನ್ನು ಎತ್ತಿ ಗಾಢವಾದದ್ದರಿಂದ ತಿಳಿಯಾದದ್ದರವರೆಗೆ ಸಾಲು ಹಚ್ಚಿದೆ. ಅವರು ಒಂದನ್ನೂ ಕದಲಿಸಲಿಲ್ಲ.

"ಬರೋಬರ್ ಅದ. ಈಗ ಕೇಳು. ಮೀನು ಕೆಳಗ ಇರ್ತದ, ಮ್ಯಾಲ ನೋಡತದ. ಅದಕ್ಕ ಕಪ್ಪಿಯ ಬೆನ್ನ ಕಾಣಂಗಿಲ್ಲ, ಹೊಟ್ಟಿ ಕಾಣಸ್ತದ. ಹಿಂದ ಆಕಾಶ ಇರ್ತದ. ಬಿಸಲ ಬಿದ್ದು ನೀರು ತಿಳಿ ಇದ್ರ ಬಿಳಿ ಹೊಟ್ಟಿ ಕಟ್ಟು. ಖರೇ ಕಪ್ಪಿಗೂ ಬಿಳಿ ಹೊಟ್ಟೀನೇ ಇರ್ತದ, ಮೀನಿಗಿ ಸಂಶೇ ಬರಂಗಿಲ್ಲ. ಹಿಂಗ ಮೋಡ ಇದ್ದು ನೀರು ಮಣ್ಣಾಗಿದ್ರ ಬಿಳಿ ಹೊಟ್ಟಿ ಆಕಾಶದಾಗ ಕರಗಿ ಹೋಗತದ. ಆಗ ಕತ್ತಲಿ ಹೊಟ್ಟಿ ಬೇಕು. ಆಕಾರ ಕಂಡ್ರ ಸಾಕು, ಮೀನು ಬರ್ತದ."

"ಮತ್ತ ಬೆನ್ನಿಗಿ ಹಳದಿ ಯಾಕ ಹಚ್ಚೀರಿ?"

"ಅದು ಮೀನಿಗಲ್ಲ. ಜೊಂಡಿನಾಗ ಎಲ್ಲಿ ಹೋಯ್ತು ಅಂತ ನನಗ ಕಾಣಬೇಕಲ್ಲ."

ಅಲ್ಲಿಯವರೆಗೆ ಬಣ್ಣ ಎಂದರೆ ನನಗೆ ಉಳಿದವರ ಗುಟ್ಟು. ಅವರು ಅದನ್ನು ಬಿಚ್ಚಿ, ಯಾರಿಗೆ ಕಾಣಬೇಕು, ಎಲ್ಲಿಂದ ಕಾಣಬೇಕು, ಹಿಂದೆ ಏನಿದೆ ಎಂಬ ಮೂರು ಪ್ರಶ್ನೆ ಮಾಡಿ ನನ್ನ ಕೈಗೆ ಕೊಟ್ಟರು. ಆ ಮೂರಕ್ಕೂ ನಾನು ಉತ್ತರ ಹೇಳಬಲ್ಲವನಾಗಿದ್ದೆ. ಅಂದು ಅವರು ನನಗೇ ಆರಿಸಲು ಹೇಳಿದರು. ನಾನು ಎಲ್ಲಕ್ಕಿಂತ ಗಾಢವಾದ ಹೊಟ್ಟೆಯದನ್ನು ಕೊಟ್ಟೆ. ಮೊದಲೆರಡು ಎಸೆತಕ್ಕೆ ಏನೂ ಇಲ್ಲ. ಮೂರನೆಯದಕ್ಕೆ ಜೊಂಡಿನ ಅಂಚಿನಲ್ಲಿ ನೀರು ಒಡೆಯಿತು, ರಾಡು ಬಿಲ್ಲಿನಂತೆ ಬಾಗಿತು. ತೋಳುದ್ದದ ಮರಲ್. ಅದನ್ನು ಅವರು ಒದ್ದೆ ಗೋಣಿಯಲ್ಲಿ ಸುತ್ತಿ ಅದೇ ಊರಿನಲ್ಲಿದ್ದ ಮಗನ ಮನೆಗೆ ಒಯ್ದರು. ಬಾಗಿಲಲ್ಲಿ ಸೊಸೆಗೆ ಗೋಣಿ ಕೊಡುವಾಗ, "ಇವತ್ತ ಬಣ್ಣ ಈ ತಮ್ಮ ಆರಸ್ಯಾನ," ಅಂದರು.

ಆಮೇಲೆ ಪ್ರತಿ ಭಾನುವಾರ ಕೆರೆಗೆ ಹೋಗುವುದು ಗೊತ್ತಾಯಿತು. ಒಂದು ಸಲ ಹೈದರಾಬಾದಿನ ಮೂವರು ಹುಡುಗರೂ ಅದೇ ದಂಡೆಯಲ್ಲಿದ್ದರು. ಅವರಲ್ಲೊಬ್ಬ ನೀರಿನ ಮೇಲೆ ಕೆಂಪಗೆ ಒಂದು ಗುಂಪು ಚಲಿಸುತ್ತಿದೆ ಎಂದು ಕೈ ತೋರಿಸಿದ. ನನಗೆ ಕೆಂಪು ಕಾಣಲಿಲ್ಲ. ಆದರೆ ಅಲ್ಲಿ ನೀರು ಸಣ್ಣ ಮಳೆ ಬಿದ್ದಂತೆ ನಡುಗುತ್ತಿದ್ದದ್ದು ಕಂಡಿತು. ಅದರ ಒಂದು ಮಾರು ಕೆಳಗೆ, ಜೊಂಡಿನ ನೆರಳಿನಲ್ಲಿ, ಎರಡು ಉದ್ದನೆಯ ಮೈಗಳು ನಿಂತಿದ್ದವು. ಉಳಿದವರಿಗೆ ಅವು ಕಾಣಲಿಲ್ಲ. ಹಸಿರಿನ ಮೇಲೆ ಹಸಿರು ಇದ್ದಾಗ ಅವರ ಕಣ್ಣು ಸೋಲುತ್ತಿತ್ತು. ನನಗೆ ಹಸಿರೇ ಇಲ್ಲದ್ದರಿಂದ ಬರೀ ಆಕಾರ ಕಾಣುತ್ತಿತ್ತು.

"ಎರಡ ಅವ ಚಾಚಾ. ಕೆಳಗ ನಿಂತಾವ," ಅಂದೆ.

ಹುಡುಗರು ರಾಡು ಎತ್ತಿದರು. ಚಾಚಾ ಎದ್ದು ಅವರ ಮುಂದೆ ನಿಂತರು. "ಅಲ್ಲಿ ಒಗಿಬ್ಯಾಡ್ರಿ. ಅವು ಮರಿ. ತಾಯಿ ತಂದಿ ಕೆಳಗ ಕಾಯಾಕತ್ತಾವ. ಅವುನ್ನ ಹಿಡದ್ರ ಮರಿ ಒಂದೂ ಉಳಿಯಂಗಿಲ್ಲ."

"ನೀವೇ ಮಾಡಿದ ಕಪ್ಪೆ ಚಾಚಾ," ಎಂದು ಒಬ್ಬ ನಕ್ಕ.

"ನಾ ಮಾಡೀನಿ ಅಂತೇ ಹೇಳಾಕತ್ತೀನಿ."

ಹುಡುಗರು ಗೊಣಗುತ್ತ ಆಚೆ ದಂಡೆಗೆ ಹೋದರು. ಚಾಚಾ ಅಂದು ತಾವೂ ಗಾಳ ಹಾಕಲಿಲ್ಲ. ಡಬ್ಬಿಯಿಂದ ರೊಟ್ಟಿ ತೆಗೆದು ನನಗೆ ಒಂದು ಕೊಟ್ಟು, ತಾವೊಂದು ತಿನ್ನುತ್ತ, ನಡುಗುವ ಆ ನೀರಿನ ತುಂಡನ್ನೇ ನೋಡುತ್ತ ಕೂತರು. ರೊಟ್ಟಿ ಮುಗಿದ ಮೇಲೆ, "ಮನ್ಯಾಗ ಹೇಳೀದಿ?" ಅಂದರು.

"ಇನ್ನಾ ಇಲ್ರಿ."

"ಆ ಹುಡಗಿ ಮನ್ಯಾಗ ಲಗ್ನದ ಜವಳಿ ತರಾಕತ್ತಾರ ಅಂತ ಕೇಳೀನಿ." ಅವರು ಕೈ ಝಾಡಿಸಿಕೊಂಡರು. "ಹೇಳಿ ಬಾ. ಅಲ್ಲೀತನಕ ಶೆಡ್ಡಿಗಿ ಬರಬ್ಯಾಡ."

ನಾನು ಹೇಳಲಿಲ್ಲ. ಶೆಡ್ಡಿಗೂ ಹೋಗಲಿಲ್ಲ. ಎರಡು ವಾರ ಹಾಗೆಯೇ ಕಳೆಯಿತು.

ನಮ್ಮ ಕಡೆ ಮದುವೆಯ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿದು, ವಧುವರರ ಹೆಸರು, ಕಳಸ, ಬಳ್ಳಿ, ಗಿಳಿ ಬರೆಸುತ್ತಾರೆ. ಬೋರ್ಡು ಹೋದರೂ ಈ ಕೆಲಸಕ್ಕೆ ಜನ ಇನ್ನೂ ಚಾಚಾರನ್ನೇ ಕರೆಯುತ್ತಿದ್ದರು. ಅಪ್ಪ ನನಗೆ ಹೇಳದೆಯೇ ಅವರ ಶೆಡ್ಡಿಗೆ ಹೋಗಿದ್ದ. ನನ್ನ ಹೆಸರಿನ ಕೆಳಗೆ ಒಂದು ರೈಲು ಗಾಡಿಯ ಚಿತ್ರವೂ ಇರಲಿ ಎಂದು ಹೇಳಿದನಂತೆ. ಚಾಚಾ ಅವನನ್ನು ಕೂಡಿಸಿ, ಚಹಾ ತರಿಸಿ ಕೊಟ್ಟು, "ಈ ಗ್ವಾಡಿ ನಾ ಈಗ ಬರಿಯಂಗಿಲ್ರಿ. ಮೊದಲ ನಿಮ್ಮ ಮಗನ ಕೂಡ ಕುಂತು ಮಾತಾಡ್ರಿ," ಅಂದರಂತೆ. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. "ಅದು ಅವನ ಮಾತು. ಅವನೇ ಹೇಳಬೇಕು."

ಅಪ್ಪ ಅಂಗಡಿಗೆ ಬಂದ. ಮಧ್ಯಾಹ್ನದ ಹೊತ್ತು, ಗಿರಾಕಿ ಇರಲಿಲ್ಲ. ನನ್ನ ಎದುರು ಕೂತು, "ಏನ ಅದ ಹೇಳು," ಅಂದ. ಹೇಳಿದೆ. ನೌಕರಿ ಸಿಗುವುದಿಲ್ಲ, ಅದು ಎರಡು ತಿಂಗಳ ಹಿಂದೆಯೇ ನನಗೆ ಗೊತ್ತು, ಕಾರಣ ಇದು. ಅವನು ನಂಬಲಿಲ್ಲ. ಎದ್ದು ಹೋಗಿ ಎರಡು ಬಳೆಯ ಕಟ್ಟು ತಂದು ನನ್ನ ಮುಂದೆ ಹಿಡಿದ.

"ಇದರಾಗ ಹಸರ ಯಾವುದು?"

ಎರಡೂ ಒಂದೇ ಆಗಿದ್ದವು. ಊಹಿಸಿ ಒಂದನ್ನು ಮುಟ್ಟಿದೆ. ಅಪ್ಪನ ಮುಖ ನೋಡಿದ ಮೇಲೆ ತಪ್ಪಿದ್ದು ಗೊತ್ತಾಯಿತು. ಅವನು ಬಳೆಯ ಕಟ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಅಕ್ಕಿಯ ಚೀಲದ ಮೇಲೆ ಕೂತ. ನೌಕರಿಯ ಬಗ್ಗೆ ಬೈಯುತ್ತಾನೆ, ಸುಳ್ಳು ಹೇಳಿದ್ದಕ್ಕೆ ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು, "ಇದಕ್ಕ ನಾ ನಿನಗ ಎಷ್ಟ ಸಲ ಬಡದೀನೋ," ಅಂದ.

ಮರುದಿನ ದುಬಲಗುಂಡಿಗೆ ಹೊರಟೆವು. ಅಪ್ಪನೇ ಹೋಗಿ ಚಾಚಾರನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಹುಡುಗಿಯ ತಂದೆ ಮಿತಭಾಷಿ ರೈತ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಈ ಸಲ ನಾನೇ ಹೇಳಿದೆ. ಅವರು ಪೂರ್ತಿ ಕೇಳಿದರು. ಚಹಾ ಬಂತು, ಎಲ್ಲರೂ ಕುಡಿದೆವು. ಆಮೇಲೆ ಅವರು ಅಪ್ಪನ ಕಡೆ ತಿರುಗಿ, "ನೌಕರಿ ಇಲ್ಲ ಅನ್ನೂದಕ್ಕ ಅಲ್ರಿ, ಕಣ್ಣಿಗೂ ಅಲ್ಲ. ಎರಡ ತಿಂಗಳ ಮುಚ್ಚಿಟ್ಟಾನಲ್ರಿ, ಅದಕ್ಕ ಮನಸ್ಸ ಒಪ್ಪವಲ್ದು. ಸಿಟ್ಟಾಗಬ್ಯಾಡ್ರಿ," ಅಂದರು.

ಅಪ್ಪ ತಲೆ ತಗ್ಗಿಸಿದ. ಚಾಚಾ, "ಖರೇ ಅದ್ರಿ," ಅಂದರು.

ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಚಾಚಾರ ಮೇಲೆ ಸಿಟ್ಟು ಬಂತು. ಅಪ್ಪ ನೀರು ಕುಡಿಯಲು ಆಚೆ ಹೋದಾಗ, "ನನ್ನ ಸಲುವಾಗಿ ಒಂದ ಮಾತ ಆಡಬಹುದಿತ್ತು ನೀವು," ಅಂದೆ.

"ಆಡಬಹುದಿತ್ತು," ಅಂದರು ಅವರು. "ಆದ್ರ ಅವರ ಮಗಳು ಅದಾಳ ತಮ್ಮಾ. ಅವರು ಅಕಿ ಸಲುವಾಗಿ ನೋಡಬೇಕಲ್ಲ."

ಆ ಸಿಟ್ಟಿನಲ್ಲಿ ಒಂದು ತಿಂಗಳು ಅವರ ಕಡೆ ಹೋಗಲಿಲ್ಲ. ಕೊನೆಗೆ ಅವರೇ ನಮ್ಮ ಅಂಗಡಿಗೆ ಬಂದರು. ಶೆಡ್ಡಿನಲ್ಲಿ ಕೂತಿದ್ದ ದಿನಗಳಲ್ಲಿ ನಾನು ಹೊತ್ತು ಹೋಗದೆ ಹಳೆ ತಗಡಿನ ಮೇಲೆ ಸೀಮೆಸುಣ್ಣದಿಂದ ಅಕ್ಷರ ಬರೆಯುತ್ತಿದ್ದೆ. ಅವುಗಳಲ್ಲಿ ಒಂದು ತಗಡನ್ನು ಅವರು ಅಳಿಸದೆ ಇಟ್ಟುಕೊಂಡಿದ್ದರು. ಅದನ್ನು ಅಪ್ಪನ ಮುಂದೆ ಇಟ್ಟು, "ಇವನ ಅಕ್ಷರ ನೋಡ್ರಿ. ಕಲ್ಯಾಣದಾಗ ನನ್ನ ದೋಸ್ತ ಒಬ್ಬಾಂವ ಕಲ್ಲಿನಾಗ ಅಕ್ಷರ ಕೊರೀತಾನ. ಕಲ್ಲಿನ ಕೆಲಸದಾಗ ಬಣ್ಣ ನಡ್ಯಂಗಿಲ್ಲ, ನೆರಳು ನೋಡಬೇಕು. ಇವನಿಗಿ ನೆರಳು ಚಲೋ ಕಾಣಸ್ತದ," ಅಂದರು.

ಹಾಗೆ ನಾನು ಕಲ್ಲಿನ ಕೆಲಸಕ್ಕೆ ಸೇರಿದೆ. ಇಂದಿಗೂ ಅದೇ ನನ್ನ ಕಸುಬು. ಗುಡಿಯ ದಾನಿಗಳ ಹೆಸರು, ಶಾಲೆಯ ಅಡಿಗಲ್ಲು, ಸಮಾಧಿಯ ಕಲ್ಲು ಕೊರೆಯುತ್ತೇನೆ. ರಜೆಯ ದಿನ ಕಪ್ಪೆ ಮಾಡುತ್ತೇನೆ. ಚಾಚಾ ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಬಣ್ಣದ ಹೆಸರನ್ನು ತಮ್ಮ ದುಂಡಗಿನ ಕನ್ನಡದಲ್ಲಿ ಬರೆದುಕೊಟ್ಟಿದ್ದರು.

ನಾಲ್ಕು ವರ್ಷದ ನಂತರ ಮೋರಖಂಡಿಯಲ್ಲಿ ನನಗೆ ಹೆಣ್ಣು ನೋಡಿದರು. ಮೊದಲ ಭೇಟಿಯಲ್ಲೇ, ಅವಲಕ್ಕಿಯ ತಟ್ಟೆ ಕೈಗೆ ಬರುವ ಮೊದಲೇ, ನನ್ನ ಕಣ್ಣಿನ ಸಂಗತಿ ಹೇಳಿದೆ. ಆಕೆ, "ಹಂಗಾರ ನನ್ನ ಸೀರಿ ನಾನೇ ಆರಸ್ತೀನಿ," ಅಂದಳು. ಮದುವೆ ಗೊತ್ತಾಯಿತು.

ಅಪ್ಪ ಮತ್ತೆ ಚಾಚಾರ ಬಳಿಗೆ ಹೋದ. ಈ ಸಲ ಅವರು ಕೂಡಲೇ ಒಪ್ಪಿದರು. ಕೈ ನಡುಗುವುದು ಆಗ ಹೆಚ್ಚಾಗಿತ್ತು. ಮೂರು ದಿನ ಹಿಡಿಯಿತು. ನಾನು ಬಸವಕಲ್ಯಾಣದಲ್ಲಿ ವಾರದ ಕೆಲಸ ಮುಗಿಸಿ ಮನೆಗೆ ಬಂದಾಗ ಸಂಜೆಯ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ನಮ್ಮ ಓಣಿಯ ಮದುವೆ ಗೋಡೆಗಳೆಲ್ಲ ಕೆಂಪು, ಹಸಿರಿನವು. ನನ್ನ ಕಣ್ಣಿಗೆ ಅವು ಒಂದೇ ಮಾಸಲು ಬಣ್ಣದ ಕಲೆಗಳು, ಹೆಸರು ಓದಲು ಹತ್ತಿರ ಹೋಗಬೇಕು. ಈ ಗೋಡೆ ಹಾಗಿರಲಿಲ್ಲ. ಅಚ್ಚ ನೀಲಿಯ ಬಳ್ಳಿ, ಹಳದಿಯ ಹೂವು, ನೀಲಿ ಗಿಳಿ, ಹಳದಿಯ ಕಳಸ, ಕಡುನೀಲಿಯಲ್ಲಿ ನಮ್ಮಿಬ್ಬರ ಹೆಸರು. ಓಣಿಯ ತಿರುವಿನಿಂದಲೇ ಓದಿದೆ. ಒಂದು ಗೋಡೆಯನ್ನು ನಾನು ಹಾಗೆ ದೂರದಿಂದ ನೋಡಿದ್ದು ಅದೇ ಮೊದಲು.

ಮನೆಯ ಮುಂದೆ ನನ್ನ ಸೋದರತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಚಾಚಾರ ಜೊತೆ ಜಗಳಕ್ಕೆ ನಿಂತಿದ್ದಳು. "ಕೆಂಪಿಲ್ಲದ ಲಗ್ನದ ಗ್ವಾಡಿ ಎಲ್ಲಿ ನೋಡೀರಿ? ನಾಕ ಮಂದಿ ಏನ್ ಅಂತಾರ?"

ಚಾಚಾ ಏಣಿಯ ಮೇಲಿನಿಂದಲೇ, "ಮದಿಮಗನಿಗಿ ಕಾಣಬೇಕಲ್ರಿ ಅಕ್ಕಾ," ಅಂದರು. ಆಮೇಲೆ ಅವಳ ಮುಖ ನೋಡಿ, ಸುತ್ತಲೂ ಒಂದು ತೆಳ್ಳನೆಯ ಗೆರೆ ಎಳೆದರು. "ತಗೋರಿ, ಇದು ಕೆಂಪು. ಇದು ನಿಮಗ." ಆ ಗೆರೆ ನನಗೆ ಮಾಸಲಾಗಿ ಕಂಡಿತು. ಕೆಂಪೇ ಹೌದು ಎಂದು ಅತ್ತೆ ಹೇಳಿದಳು.

ಚಾಚಾ ತೀರಿಕೊಂಡದ್ದು ಹೋದ ವರ್ಷ ಮಳೆಗಾಲದಲ್ಲಿ, ಬಸವಕಲ್ಯಾಣದ ಮಗನ ಮನೆಯಲ್ಲಿ. ಕೊನೆಯ ಎರಡು ತಿಂಗಳು ಹಾಸಿಗೆಯಲ್ಲೇ ಇದ್ದರು. ನಾನು ಕೆಲಸ ಮುಗಿಸಿ ದಿನಾ ಸಂಜೆ ಹೋಗಿ ಅರ್ಧ ಗಂಟೆ ಕೂಡುತ್ತಿದ್ದೆ. ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ. ನನ್ನ ಜೊತೆ ಕೊನೆಯದಾಗಿ ಮಾತಾಡಿದ ದಿನ ಅವರು ಕಣ್ಣು ತೆರೆದು, "ಕೆರಿ ಕಡಿಂದ ಬಂದಿ?" ಎಂದು ಕೇಳಿದರು.

"ಹೌದ್ರಿ."

"ನೀರು ಹ್ಯಾಂಗದ?"

"ಮಳಿ ಬಂದು ಮಣ್ಣಾಗ್ಯಾದ್ರಿ. ಮ್ಯಾಲ ಬಿಸಲ ಅದ, ಮೋಡ ಇಲ್ಲ. ಗಾಳಿ ಸಣ್ಣಗ ಬಿಡಾಕತ್ತದ."

"ಏನ್ ಕಟ್ಟತಿ?"

ಅವರು ಕಲಿಸಿದ್ದರಲ್ಲಿ ಬಿಸಿಲಿಗೆ ಒಂದು ಉತ್ತರ ಇತ್ತು, ಮಣ್ಣು ನೀರಿಗೆ ಒಂದು ಉತ್ತರ ಇತ್ತು. ಎರಡೂ ಕೂಡಿ ಬಂದರೆ ಏನು ಎಂದು ಅವರು ಹೇಳಿರಲಿಲ್ಲ. ನಾನು ಸ್ವಲ್ಪ ಯೋಚಿಸಿದೆ. "ಹೊಟ್ಟಿ ಅರ್ಧ ಕಪ್ಪು, ಅರ್ಧ ಬಿಳಿ ಮಾಡತೀನಿ ಚಾಚಾ. ತಿರಗಿದಾಗ ಒಮ್ಮಿ ಕಾಣಸ್ತದ, ಒಮ್ಮಿ ಮಾಯ ಆಗತದ."

ಅವರು ಕಣ್ಣು ಮುಚ್ಚಿಕೊಂಡು ಆ ಕಪ್ಪೆಯನ್ನು ನೀರಿನಲ್ಲಿ ಈಜಿಸಿ ನೋಡಿದರೆಂದು ಕಾಣುತ್ತದೆ. ಆಮೇಲೆ, "ನನಗ ಇದು ಹೊಳದಿದ್ದಿಲ್ಲ ನೋಡು," ಅಂದರು.

ಅದಾದ ಮೂರನೆಯ ದಿನ ಹೋಗಿಬಿಟ್ಟರು. ಹುಮನಾಬಾದಿನಿಂದ ಅಪ್ಪ ಬಂದ. ಮಂಡಿನೋವು ಇದ್ದರೂ ಖಬರಸ್ತಾನದ ತನಕ ನಡೆದ, ಅವರ ಮಗನನ್ನು ಕೇಳಿ ಒಮ್ಮೆ ಹೆಗಲು ಕೊಟ್ಟ. ಮಣ್ಣು ಹಾಕಿ ವಾಪಸು ಬರುವಾಗ, "ಆ ದಿನ ಅವರು ಗ್ವಾಡಿ ಬರದು ಕೊಟ್ಟಿದ್ರ ನಾ ಖುಷಿ ಆಗತಿದ್ದೆ, ಆದ್ರ ನಿನ್ನ ಮಾತ ಕೇಳತಿದ್ದಿಲ್ಲ," ಎಂದಷ್ಟೇ ಅಂದ.

ಈಗ ನನ್ನ ಹತ್ತಿರ ಕಪ್ಪೆ ಕೊಳ್ಳಲು ಬರುವವರು ಕೆಲವೊಮ್ಮೆ ಕೆಂಪು ಚುಕ್ಕೆಯದು ಕೊಡಿ, ಹಸಿರು ಬೆನ್ನಿನದು ಕೊಡಿ ಅನ್ನುತ್ತಾರೆ. "ನನಗ ಅದು ಕಾಣಂಗಿಲ್ರಿ, ನೀವೇ ಆರಿಸಿಕೊಳ್ರಿ," ಅನ್ನುತ್ತೇನೆ. ಅವರು ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಾರೆ. ಆ ಎರಡು ತಿಂಗಳು ನಾನು ಹೆದರಿಕೊಂಡು ಸುಳ್ಳು ಹೇಳಿದ್ದು ಈ ಒಂದು ಕ್ಷಣಕ್ಕೆ. ಅದು ಬರುತ್ತದೆ, ಹೋಗುತ್ತದೆ. ಆಮೇಲೆ ನಾವು ನೀರಿನ ವಿಷಯ ಮಾತಾಡುತ್ತೇವೆ.